ಫಾರ್ಮ್ಯಾಟ್ ಒತ್ತುವ ಮುನ್ನ: ಲಿನಕ್ಸ್‌ನಲ್ಲಿ ತೆರೆಯದ ಪೆನ್ ಡ್ರೈವ್‌ಗೆ ಏನು ಮಾಡಬೇಕು?

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಪೆನ್ ಡ್ರೈವ್‌ಗೆ ಇನ್ನೂ ಬಿಡುವು ಸಿಕ್ಕಿಲ್ಲ. ಶಾಲೆಯ ಅಂಕಪಟ್ಟಿ, ಪಂಚಾಯಿತಿ ಕಾಮಗಾರಿಯ ಫೋಟೊ, ಝೆರಾಕ್ಸ್ ಅಂಗಡಿಗೆ ಒಯ್ಯುವ ಲಗ್ನಪತ್ರಿಕೆ, ಸ್ಟುಡಿಯೊದವರು ಕೊಡುವ ಮದುವೆ ವಿಡಿಯೊ, ಟ್ರ್ಯಾಕ್ಟರಿನ ಪ್ಲೇಯರಿಗೆ ತುಂಬಿಸುವ ಹಾಡು, ಎಲ್ಲವೂ ಅದರ ಮೇಲೆಯೇ ಓಡಾಡುತ್ತವೆ. ಇದೇ ಹೊತ್ತಿಗೆ ಕಂಪ್ಯೂಟರುಗಳ ಒಳಗೊಂದು ಬದಲಾವಣೆ ಬಂದಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಇಲ್ಲದ ಹಳೆಯ ಯಂತ್ರಗಳಿಗೆ ವಿಂಡೋಸ್ 11 ಅಧಿಕೃತವಾಗಿ ಹೊಂದುವುದಿಲ್ಲ. ಇನ್ನೂ ಗಟ್ಟಿಯಾಗಿರುವ ಅಂಥ ಯಂತ್ರವನ್ನು ಗುಜರಿಗೆ ಹಾಕದೆ ಉಳಿಸಿಕೊಳ್ಳಲು ಉಬುಂಟು, ಲಿನಕ್ಸ್ ಮಿಂಟ್‌ನಂಥ ಲಿನಕ್ಸ್ ವ್ಯವಸ್ಥೆಗಳು ಒಳ್ಳೆಯ ದಾರಿ. ನಮ್ಮ ಸರ್ಕಾರಿ ಪ್ರೌಢಶಾಲೆಗಳ ಶಿಕ್ಷಕರಿಗೆ ಉಬುಂಟು ತೀರಾ ಹೊಸದೂ ಅಲ್ಲ. 2010ರ ದಶಕದಲ್ಲಿ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿಎಸ್‌ಇಆರ್‌ಟಿ) ನಡೆಸಿದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ಅದನ್ನೇ ಬಳಸಲಾಗಿತ್ತು. ಆದರೂ ಮೇಜಿನ ಮೇಲಿನ ಕಂಪ್ಯೂಟರುಗಳ ಲೆಕ್ಕದಲ್ಲಿ ಲಿನಕ್ಸ್ ಇಂದಿಗೂ ಅಲ್ಪಸಂಖ್ಯಾತ. ವಿಂಡೋಸ್‌ನಲ್ಲಿ ತೆರೆದ ಪೆನ್ ಡ್ರೈವ್ ಅಲ್ಲಿ ತೆರೆಯದಿದ್ದರೆ ಕೇಳಲು ಪಕ್ಕದಲ್ಲಿ ಯಾರೂ ಇರುವುದಿಲ್ಲ. ಆಗ ಬರುವ ತೀರ್ಪು ಎರಡೇ: ‘ಪೆನ್ ಡ್ರೈವ್ ಹೋಯ್ತು’, ಇಲ್ಲವೇ ‘ಲಿನಕ್ಸ್ ಸರಿಯಿಲ್ಲ’. ಎರಡರ ಕೊನೆಗೂ ಯಾರೋ ಒಬ್ಬರು ಫಾರ್ಮ್ಯಾಟ್ ಒತ್ತುತ್ತಾರೆ.

ಈ ಲೇಖನ ಹೇಳಬೇಕೆಂದಿರುವುದು ಒಂದೇ ಮಾತು: ಫಾರ್ಮ್ಯಾಟ್ ಎಂಬುದು ಪರೀಕ್ಷೆಯೂ ಅಲ್ಲ, ಚಿಕಿತ್ಸೆಯೂ ಅಲ್ಲ. ಪೆನ್ ಡ್ರೈವ್ ತೆರೆಯದಿರಲು ಇರುವ ಕಾರಣಗಳನ್ನು ಒಂದೊಂದಾಗಿ ನೋಡಿದರೆ, ಹೆಚ್ಚಿನವುಗಳಲ್ಲಿ ಫಾರ್ಮ್ಯಾಟ್‌ನಿಂದ ಉಪಯೋಗವೇ ಇಲ್ಲ. ಉಳಿದವುಗಳಲ್ಲಿ ಅದಕ್ಕಿಂತ ಮೊದಲು ಮಾಡಬೇಕಾದ ಕೆಲಸಗಳಿವೆ. ಪಂಪ್‌ಸೆಟ್ಟು ನೀರೆತ್ತದಿದ್ದರೆ ಯಾವ ರೈತನೂ ಮೊದಲಿಗೇ ಬೋರಿನಿಂದ ಮೋಟರು ಮೇಲೆತ್ತಿಸುವುದಿಲ್ಲ. ಕರೆಂಟು ಇದೆಯೇ, ಫ್ಯೂಸು ಹೋಗಿದೆಯೇ, ಸ್ಟಾರ್ಟರು ಎತ್ತುತ್ತಿದೆಯೇ ಎಂದು ಮೇಲಿನಿಂದ ನೋಡುತ್ತಾ ಬರುತ್ತಾನೆ. ಪೆನ್ ಡ್ರೈವ್‌ಗೂ ಅಂಥದೇ ಒಂದು ಕ್ರಮವಿದೆ. ಕಂಪ್ಯೂಟರಿಗೆ ಅದು ಕಾಣಬೇಕು, ಶೇಖರಣೆಯ ಸಾಧನವೆಂದು ಗುರುತು ಸಿಗಬೇಕು, ಫೈಲುಗಳನ್ನು ಒಪ್ಪವಾಗಿಡುವ ಅದರ ಕಡತ ವ್ಯವಸ್ಥೆ ಅರ್ಥವಾಗಬೇಕು, ಅದನ್ನು ಜೋಡಿಸಿಕೊಳ್ಳುವಂತಿರಬೇಕು, ಬರೆಯಲು ಅನುಮತಿ ಇರಬೇಕು, ಕೊನೆಗೆ ಒಂದೊಂದು ಫೈಲೂ ಒಳಗೆ ಹಿಡಿಸಬೇಕು. ತೊಂದರೆ ಈ ಆರರಲ್ಲಿ ಎಲ್ಲಿದೆ ಎಂದು ಗೊತ್ತಾದರೆ ಪರಿಹಾರ ತಾನಾಗಿ ಕಾಣುತ್ತದೆ. ಗೊತ್ತಾಗದೆ ಕೈಹಾಕಿದರೆ ಇದ್ದ ಮಾಹಿತಿಯೂ ಹೋಗುತ್ತದೆ.

ಮೊದಲು ಕಂಪ್ಯೂಟರಿನ ಮಾತು ಓದಿ

ಲಿನಕ್ಸ್‌ನ ದೊಡ್ಡ ಅನುಕೂಲವೆಂದರೆ ಅದು ತನಗೇನು ಕಂಡಿತು ಎಂಬುದನ್ನು ಬರೆದಿಡುತ್ತದೆ. ಟರ್ಮಿನಲ್ ತೆರೆದು ‘ಸುಡೊ ಡಿಎಂಇಎಸ್‌ಜಿ’ ಎಂಬ ಆಜ್ಞೆ ಕೊಟ್ಟರೆ, ಅಂದರೆ ಅದೇ ಅಕ್ಷರಗಳನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಟೈಪಿಸಿದರೆ, ವ್ಯವಸ್ಥೆಯ ತಿರುಳಾದ ಕರ್ನಲ್ ಬರೆದ ಸಾಲುಗಳು ಬರುತ್ತವೆ. ಕೊನೆಗೆ ಒಂದು ಅಡ್ಡಗೆರೆ ಮತ್ತು ಡಬ್ಲ್ಯು ಅಕ್ಷರ ಸೇರಿಸಿ, ಆಮೇಲೆ ಪೆನ್ ಡ್ರೈವ್ ಚುಚ್ಚಿದರೆ ಹೊಸ ಸಾಲುಗಳು ಕಣ್ಣೆದುರೇ ಮೂಡುತ್ತವೆ. ಏನೂ ಮೂಡದಿದ್ದರೆ ಪೆನ್ ಡ್ರೈವ್ ಕಂಪ್ಯೂಟರಿನವರೆಗೆ ತಲುಪಿಯೇ ಇಲ್ಲ ಎಂದರ್ಥ. ‘ಡಿವೈಸ್ ಡಿಸ್ಕ್ರಿಪ್ಟರ್ ರೀಡ್’ ಎಂಬ ಮಾತಿನ ಜತೆ ಎರರ್ -71 ಬಂದರೆ ಮಾತುಕತೆ ಶುರುವಾಗಿ ನಡುವೆ ಕೆಟ್ಟಿದೆ. -110 ಬಂದರೆ ಕಂಪ್ಯೂಟರು ಕೇಳಿದ ಪ್ರಶ್ನೆಗೆ ಹೊತ್ತಿಗೆ ಸರಿಯಾಗಿ ಉತ್ತರ ಬಂದಿಲ್ಲ. ಎರಡಕ್ಕೂ ಸಾಮಾನ್ಯ ಕಾರಣಗಳು ಸಡಿಲವಾದ ಪೋರ್ಟು, ದೂಳು ಹಿಡಿದ ತುದಿ, ಕೆಟ್ಟ ಕೇಬಲ್ಲು, ಸಾಲದ ವಿದ್ಯುತ್ತು. ಇಲ್ಲಿ ಫಾರ್ಮ್ಯಾಟ್ ಮಾಡಲು ಮನಸ್ಸಿದ್ದರೂ ಆಗದು, ಏಕೆಂದರೆ ಫಾರ್ಮ್ಯಾಟ್ ಮಾಡಲು ಅಲ್ಲಿ ಏನೂ ಕಾಣುವುದೇ ಇಲ್ಲ.

ಈ ಹಂತದ ಪರಿಹಾರಕ್ಕೆ ಖರ್ಚಿಲ್ಲ. ಡೆಸ್ಕ್‌ಟಾಪಿನ ಮುಂದಿನ ಪೋರ್ಟುಗಳು ಒಳಗೊಂದು ಸಣ್ಣ ತಂತಿಯ ಮೂಲಕ ಮದರ್‌ಬೋರ್ಡಿಗೆ ಸೇರುತ್ತವೆ. ಹಿಂದಿನ ಪೋರ್ಟುಗಳು ನೇರವಾಗಿ ಬೋರ್ಡಿನ ಮೇಲೆಯೇ ಇರುತ್ತವೆ. ಹಾಗಾಗಿ ಮೊದಲು ಹಿಂದಿನ ಪೋರ್ಟಿಗೆ ಚುಚ್ಚಿ ನೋಡಬೇಕು. ನಡುವೆ ಹಬ್ಬು, ಎಕ್ಸ್‌ಟೆನ್ಷನ್ ಕೇಬಲ್ಲು ಇದ್ದರೆ ತೆಗೆಯಬೇಕು. ಹೊರಗಿನ ಹಾರ್ಡ್ ಡಿಸ್ಕ್ ಆದರೆ ವಿದ್ಯುತ್ತಿನ ಲೆಕ್ಕ ಇನ್ನೂ ಮುಖ್ಯ. ಯುಎಸ್‌ಬಿ 2.0 ಪೋರ್ಟು ಕೊಡುವುದು 500 ಮಿಲಿಆಂಪಿಯರ್, 3.0 ಪೋರ್ಟು ಕೊಡುವುದು 900. ಡಿಸ್ಕು ತಿರುಗಲು ಶುರುಮಾಡುವ ಕ್ಷಣದಲ್ಲಿ ಮೊದಲನೆಯದು ಸಾಲದೇ ಹೋಗಬಹುದು. ಆಗ ಒಳಗಿನಿಂದ ಟಿಕ್ ಟಿಕ್ ಸದ್ದು ಬಂದು ಡಿಸ್ಕು ಮತ್ತೆ ಮತ್ತೆ ಕಂಡು ಮಾಯವಾಗುತ್ತದೆ. ಅದನ್ನು ಕೇಳಿ ಡಿಸ್ಕೇ ಸತ್ತಿತೆಂದು ಬಗೆಯುವ ಮೊದಲು ನೀಲಿ ಬಣ್ಣದ 3.0 ಪೋರ್ಟು ಮತ್ತು ಬೇರೊಂದು ಗಿಡ್ಡ ಕೇಬಲ್ಲು ಪ್ರಯತ್ನಿಸುವುದು ನ್ಯಾಯ. ಅಲ್ಲಿಯೂ ಸದ್ದು ನಿಲ್ಲದಿದ್ದರೆ ಮಾತ್ರ ಡಿಸ್ಕಿನ ಮೇಲೆ ಅನುಮಾನ ಪಡಬೇಕು. ಆಗ ಪದೇ ಪದೇ ಚಾಲೂ ಮಾಡದೆ ಬದಿಗಿಡಬೇಕು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ, ಎರೆಮಣ್ಣಿನ ದೂಳು ಎಲ್ಲೆಡೆ ಕೂರುವ ಕಲಬುರಗಿ ಸೀಮೆಯಲ್ಲಿ ಪೆನ್ ಡ್ರೈವ್‌ನ ತುದಿಗೆ ಮುಚ್ಚಳ ಹಾಕುವುದು, ಲೋಹದ ತುದಿಯನ್ನು ಒಣಬಟ್ಟೆಯಿಂದ ಒರೆಸುವುದು ಸಣ್ಣ ಮಾತಲ್ಲ.

ಕಾಣುತ್ತದೆ, ಆದರೆ ತೆರೆಯುವುದಿಲ್ಲ

ಮುಂದಿನ ಪ್ರಶ್ನೆ: ಕಂಡ ಸಾಧನದೊಳಗೆ ಕಂಪ್ಯೂಟರಿಗೆ ಏನು ಸಿಕ್ಕಿತು? ಇದಕ್ಕೆ ಆಜ್ಞೆ ಟೈಪಿಸಲೇಬೇಕೆಂದಿಲ್ಲ. ಉಬುಂಟುವಿನ ‘ಡಿಸ್ಕ್ಸ್’ ಎಂಬ ಅಪ್ಲಿಕೇಶನ್ ತೆರೆದರೆ ಎಡಗಡೆ ಸಾಧನಗಳ ಪಟ್ಟಿ, ಬಲಗಡೆ ಆಯ್ದ ಸಾಧನದ ಚಿತ್ರ ಬರುತ್ತದೆ. ಅದರ ಗಾತ್ರವೆಷ್ಟು, ಎಷ್ಟು ಭಾಗಗಳಾಗಿವೆ, ಪ್ರತಿ ಭಾಗದಲ್ಲಿ ಯಾವ ಕಡತ ವ್ಯವಸ್ಥೆ ಇದೆ ಎಂಬುದೆಲ್ಲ ಅಲ್ಲೇ ಇರುತ್ತದೆ. ಟರ್ಮಿನಲ್ ರೂಢಿ ಇರುವವರು ‘ಎಲ್‌ಎಸ್‌ಬಿಎಲ್‌ಕೆ’ ಆಜ್ಞೆಗೆ ಅಡ್ಡಗೆರೆ ಮತ್ತು ಎಫ್ ಸೇರಿಸಿ ಅದನ್ನೇ ಪಡೆಯಬಹುದು. ಪೆನ್ ಡ್ರೈವ್‌ನ ಹೆಸರು ಕಂಡರೂ ಗಾತ್ರದ ಜಾಗದಲ್ಲಿ ‘ನೋ ಮೀಡಿಯಾ’ ಎಂದಿದ್ದರೆ ಯುಎಸ್‌ಬಿ ಭಾಗ ಬದುಕಿದೆ, ಆದರೆ ಮಾಹಿತಿ ಇರುವ ಫ್ಲ್ಯಾಶ್ ಚಿಪ್ಪನ್ನು ಒಳಗಿನ ನಿಯಂತ್ರಕ ತಲುಪುತ್ತಿಲ್ಲ ಎಂದರ್ಥ. ಇದಕ್ಕೆ ಯಾವ ತಂತ್ರಾಂಶದಲ್ಲೂ ಮದ್ದಿಲ್ಲ. ಮಾಹಿತಿ ಬೆಲೆಯುಳ್ಳದ್ದಾದರೆ ಚಿಪ್ಪು ಬಿಚ್ಚಿ ಓದುವ ಪರಿಣತರ ಬಳಿಗೇ ಹೋಗಬೇಕು; ಅಲ್ಲದಿದ್ದರೆ ಹೊಸದು ಕೊಳ್ಳಬೇಕು. ಇಲ್ಲಿಯೂ ಫಾರ್ಮ್ಯಾಟ್‌ಗೆ ಪಾತ್ರವಿಲ್ಲ.

ಗಾತ್ರ ಸರಿಯಾಗಿ ಕಂಡು, ಒಳಗಿನ ವ್ಯವಸ್ಥೆಯ ಹೆಸರೂ ಕಂಡು, ಆದರೂ ತೆರೆಯದಿದ್ದರೆ ಲಿನಕ್ಸ್‌ಗೆ ಆ ಕಡತ ವ್ಯವಸ್ಥೆ ಓದಲು ಬರುತ್ತಿಲ್ಲವೇ ಎಂದು ನೋಡಬೇಕು. ಸ್ವಲ್ಪ ಹಿನ್ನೆಲೆ ತಿಳಿದರೆ ಇದು ಸುಲಭ. 1996ರಲ್ಲಿ ವಿಂಡೋಸ್ 95ರ ಪರಿಷ್ಕೃತ ಆವೃತ್ತಿಯೊಂದಿಗೆ ಬಂದ ಫ್ಯಾಟ್32 ಎಲ್ಲ ಕಡೆಯೂ ಓದಲು ಬರುತ್ತದೆ. 2006ರಲ್ಲಿ ಮೈಕ್ರೋಸಾಫ್ಟ್ ತಂದ ಎಕ್ಸ್‌ಫ್ಯಾಟ್ ಇಂದಿನ 64 ಜಿಬಿ ಮತ್ತು ಅದಕ್ಕಿಂತ ದೊಡ್ಡ ಕಾರ್ಡು, ಪೆನ್ ಡ್ರೈವ್‌ಗಳಲ್ಲಿ ಸಾಮಾನ್ಯ. ಅದರ ಪೂರ್ಣ ವಿವರಣೆಯನ್ನು ಆ ಕಂಪನಿ ಬಹಿರಂಗಪಡಿಸಿದ್ದು 2019ರಲ್ಲಿ. ಸ್ಯಾಮ್ಸಂಗ್ ಬರೆದ ಗಟ್ಟಿಯಾದ ಚಾಲಕ ತಂತ್ರಾಂಶ ಲಿನಕ್ಸ್ ಕರ್ನಲ್‌ಗೆ ಸೇರಿದ್ದು 2020ರ ಮೇ ತಿಂಗಳಿನ 5.7ನೇ ಆವೃತ್ತಿಯಲ್ಲಿ. ಆದ್ದರಿಂದ ಉಬುಂಟು 18.04 ಇರುವ ಹಳೆಯ ಯಂತ್ರಕ್ಕೆ 64 ಜಿಬಿ ಪೆನ್ ಡ್ರೈವ್ ಚುಚ್ಚಿದರೆ ‘ಅನ್‌ನೋನ್ ಫೈಲ್‌ಸಿಸ್ಟಮ್ ಟೈಪ್ ಎಕ್ಸ್‌ಫ್ಯಾಟ್’ ಎಂಬ ಮಾತು ಬರುತ್ತದೆ. ಅದೇ ಪೆನ್ ಡ್ರೈವ್ ಉಬುಂಟು 22.04ರಲ್ಲಿ ಸದ್ದಿಲ್ಲದೆ ತೆರೆಯುತ್ತದೆ. ಹಳೆಯ ಯಂತ್ರದಲ್ಲಿ ‘ಎಕ್ಸ್‌ಫ್ಯಾಟ್-ಫ್ಯೂಸ್’ ಎಂಬ ಪ್ಯಾಕೇಜು ಹಾಕಿದರೆ ಅಲ್ಲಿಯೂ ತೆರೆಯುತ್ತದೆ. ತೊಂದರೆ ಇದ್ದದ್ದು ಓದುವವನಲ್ಲಿ, ಬರಹದಲ್ಲಲ್ಲ. ಆ ಕ್ಷಣದಲ್ಲಿ ಫಾರ್ಮ್ಯಾಟ್ ಒತ್ತಿದವರು ನೂರಕ್ಕೆ ನೂರು ಸರಿಯಿದ್ದ ಫೈಲುಗಳನ್ನು ಅಳಿಸಿದಂತೆ.

ವಿಂಡೋಸ್‌ನ ಇನ್ನೊಂದು ಕಡತ ವ್ಯವಸ್ಥೆಯಾದ ಎನ್‌ಟಿಎಫ್‌ಎಸ್‌ನದು ಬೇರೆ ಕಥೆ. ಇದು ಹೊರಗಿನ ಹಾರ್ಡ್ ಡಿಸ್ಕುಗಳಲ್ಲಿ ಹೆಚ್ಚು. ವಿಂಡೋಸ್ 8ರಿಂದ ‘ಫಾಸ್ಟ್ ಸ್ಟಾರ್ಟಪ್’ ಎಂಬ ಏರ್ಪಾಡಿದೆ. ಅದು ಚಾಲೂ ಇದ್ದರೆ ‘ಶಟ್ ಡೌನ್’ ಒತ್ತಿದಾಗ ವಿಂಡೋಸ್ ಪೂರ್ತಿ ಆರುವುದಿಲ್ಲ, ಅರೆನಿದ್ರೆಗೆ ಜಾರುತ್ತದೆ. ಆಗ ಜೋಡಿಸಿದ್ದ ಡಿಸ್ಕಿನ ಲೆಕ್ಕಪತ್ರವೂ ಅರ್ಧಕ್ಕೆ ನಿಂತಿರುತ್ತದೆ. ಆ ಡಿಸ್ಕನ್ನು ತಂದು ಲಿನಕ್ಸ್‌ಗೆ ಚುಚ್ಚಿದರೆ, ಇದು ಶುದ್ಧವಾಗಿ ಮುಚ್ಚಿಲ್ಲ ಎಂದು ಅದು ಓದಲು ಮಾತ್ರ ತೆರೆಯುತ್ತದೆ, ಇಲ್ಲವೇ ತೆರೆಯಲು ಒಪ್ಪುವುದಿಲ್ಲ. ಇದು ಲಿನಕ್ಸ್‌ನ ಹಟವಲ್ಲ, ಮುಂಜಾಗ್ರತೆ. ಬೇರೊಬ್ಬರು ಅರ್ಧಕ್ಕೆ ಬಿಟ್ಟ ಲೆಕ್ಕದ ಮೇಲೆ ತಾನು ಬರೆದರೆ ಎರಡೂ ಕೆಡುತ್ತವೆ. ಸರಿಯಾದ ಪರಿಹಾರ ಅದೇ ವಿಂಡೋಸ್ ಯಂತ್ರದಲ್ಲಿದೆ: ಅಲ್ಲಿ ಡಿಸ್ಕನ್ನು ಮತ್ತೆ ಜೋಡಿಸಿ ‘ಸೇಫ್ಲಿ ರಿಮೂವ್’ ಕೊಟ್ಟು ತೆಗೆಯುವುದು, ಅಥವಾ ಶಿಫ್ಟ್ ಕೀ ಒತ್ತಿಹಿಡಿದು ಶಟ್ ಡೌನ್ ಮಾಡುವುದು. ದೋಷ ಉಳಿದರೆ ಅಲ್ಲಿಯೇ ‘ಚೆಕ್ ಡಿಸ್ಕ್’ ಓಡಿಸಬೇಕು. ಲಿನಕ್ಸ್‌ನ ‘ಎನ್‌ಟಿಎಫ್‌ಎಸ್‌ಫಿಕ್ಸ್’ ಕೆಲವು ಗುರುತುಗಳನ್ನಷ್ಟೇ ಸರಿಮಾಡುತ್ತದೆ. ಅದು ಚೆಕ್ ಡಿಸ್ಕಿಗೆ ಬದಲಿಯಲ್ಲ. ವಿಂಡೋಸ್‌ನ ಬಿಟ್‌ಲಾಕರ್‌ನಿಂದ ಬೀಗ ಹಾಕಿದ ಡಿಸ್ಕೂ ಮೊದಲ ನೋಟಕ್ಕೆ ಕೆಟ್ಟಂತೆ ಕಾಣುತ್ತದೆ, ಆದರೆ ಹೊಸ ಉಬುಂಟುಗಳಲ್ಲಿ ಪಾಸ್‌ವರ್ಡ್ ಕೊಟ್ಟರೆ ತೆರೆಯುತ್ತದೆ.

ಈ ಹಂತದಲ್ಲಿ ಫಾರ್ಮ್ಯಾಟ್ ನಿಜವಾಗಿ ಬೇಕಾಗುವ ಒಂದು ಸಂದರ್ಭವನ್ನೂ ಹೇಳಬೇಕು. ಉಬುಂಟು ಹಾಕಲೆಂದು ಒಂದು ಪೆನ್ ಡ್ರೈವ್ ಮೇಲೆ ಅದರ ಐಎಸ್‌ಒ, ಅಂದರೆ ಅಳವಡಿಕೆಯ ಪಡಿಯಚ್ಚು, ಬರೆದಿರುತ್ತಾರೆ. ಆಮೇಲೆ ಅದು ಓದಲು ಮಾತ್ರ ಬರುತ್ತದೆ, ಗಾತ್ರವೂ ಕಡಿಮೆ ಕಾಣುತ್ತದೆ. 32 ಜಿಬಿ ಇದ್ದದ್ದು ಎಲ್ಲಿ ಹೋಯಿತೆಂದು ಗಾಬರಿಪಡಬೇಕಿಲ್ಲ. ಡಿಸ್ಕ್ಸ್‌ನಲ್ಲಿ ಮೇಲ್ಭಾಗದ ಮೆನುವಿನಿಂದ ‘ಫಾರ್ಮ್ಯಾಟ್ ಡಿಸ್ಕ್’ ಆಯ್ದು ಇಡೀ ಸಾಧನದ ವಿಭಾಗ ಪಟ್ಟಿಯನ್ನು ಹೊಸದಾಗಿ ಬರೆದು, ಒಳಗೊಂದು ಹೊಸ ವಿಭಾಗ ಮಾಡಿದರೆ ಪೂರ್ಣ ಜಾಗ ಮರಳುತ್ತದೆ. ಒತ್ತುವ ಮೊದಲು ಎಡಗಡೆ ಆಯ್ದಿರುವುದು ಪೆನ್ ಡ್ರೈವೇ ಹೊರತು ಕಂಪ್ಯೂಟರಿನ ಸ್ವಂತ ಡಿಸ್ಕಲ್ಲ ಎಂದು ಗಾತ್ರ ನೋಡಿ ಖಾತ್ರಿ ಮಾಡಿಕೊಳ್ಳಬೇಕು.

ಎಳೆದು ಕೀಳುವ ಅಭ್ಯಾಸ

‘ವಿಂಡೋಸ್‌ನಲ್ಲಿ ಹಾಗೇ ಕಿತ್ತರೂ ಏನೂ ಆಗುತ್ತಿರಲಿಲ್ಲ, ಲಿನಕ್ಸ್‌ಗೆ ಬಂದ ಮೇಲೆ ಫೈಲು ಅರ್ಧಂಬರ್ಧ ಬರುತ್ತಿವೆ’ ಎಂಬ ದೂರಿನಲ್ಲಿ ಹುರುಳಿದೆ, ತೀರ್ಮಾನದಲ್ಲಿ ಇಲ್ಲ. 2018ರ ಕೊನೆಯಲ್ಲಿ ಬಂದ ವಿಂಡೋಸ್ 10ರ 1809 ಆವೃತ್ತಿಯಿಂದ ಹೊರಗಿನ ಸಾಧನಗಳಿಗೆ ‘ಕ್ವಿಕ್ ರಿಮೂವಲ್’ ನೀತಿಯೇ ಪೂರ್ವನಿಯೋಜಿತ. ಬರೆಯಬೇಕಾದುದನ್ನು ವಿಂಡೋಸ್ ಕೂಡಿಡದೆ ಆಗಿಂದಾಗಲೇ ಬರೆಯಲು ನೋಡುತ್ತದೆ. ಲಿನಕ್ಸ್ ಹಾಗಲ್ಲ. ಅದು ಮೊದಲು ಮೆಮೊರಿಯಲ್ಲಿ ಸೇರಿಸಿಟ್ಟುಕೊಂಡು ಆಮೇಲೆ ಸಾವಕಾಶವಾಗಿ ಪೆನ್ ಡ್ರೈವ್‌ಗೆ ಇಳಿಸುತ್ತದೆ. ಸಾಮಾನ್ಯ ಹೊಂದಾಣಿಕೆಯಲ್ಲಿ ಲಭ್ಯ ಮೆಮೊರಿಯ ಶೇ 20ರವರೆಗೆ ಹೀಗೆ ಬಾಕಿ ಉಳಿಯಬಹುದು. 3 ಜಿಬಿ ಮೆಮೊರಿ ಖಾಲಿ ಇದೆ ಎಂದುಕೊಂಡರೆ ಸುಮಾರು 600 ಎಂಬಿ. ಸೆಕೆಂಡಿಗೆ 6 ಎಂಬಿ ಬರೆಯುವ ನಿಧಾನದ ಪೆನ್ ಡ್ರೈವ್‌ಗೆ ಅಷ್ಟನ್ನು ಇಳಿಸಲು 100 ಸೆಕೆಂಡು ಬೇಕು. ಪರದೆಯ ಮೇಲೆ ಕಾಪಿ ಮುಗಿದಂತೆ ಕಂಡ ಮೇಲೂ ಒಂದೂವರೆ ನಿಮಿಷಕ್ಕಿಂತ ಹೆಚ್ಚು ಹೊತ್ತು ಕೆಲಸ ನಡೆದೇ ಇರುತ್ತದೆ. ಆ ನಡುವೆ ಕಿತ್ತರೆ ಫೈಲಿನ ಹೆಸರು ಇರುತ್ತದೆ, ಒಳಗೆ ಹೂರಣ ಇರುವುದಿಲ್ಲ. ಕರೆಂಟು ಹೋದರೂ ಇದೇ ಗತಿ. ಫ್ಯಾಟ್32, ಎಕ್ಸ್‌ಫ್ಯಾಟ್ ಎರಡಕ್ಕೂ ಎನ್‌ಟಿಎಫ್‌ಎಸ್ ಅಥವಾ ಲಿನಕ್ಸ್‌ನ ಇಎಕ್ಸ್‌ಟಿ4ಗೆ ಇರುವಂಥ ದಿನಚರಿ ಪುಸ್ತಕ, ಅಂದರೆ ಜರ್ನಲ್, ಇಲ್ಲ. ಹಾಗಾಗಿ ನಡುವೆ ನಿಂತದ್ದನ್ನು ತಾವಾಗಿ ಸರಿಪಡಿಸಿಕೊಳ್ಳಲಾರವು.

ಪರಿಹಾರ ಒಂದೇ ಗುಂಡಿ: ಫೈಲ್ಸ್ ಕಿಟಕಿಯ ಎಡಬದಿಯಲ್ಲಿ ಪೆನ್ ಡ್ರೈವ್ ಹೆಸರಿನ ಪಕ್ಕ ಇರುವ ಮೇಲ್ಮುಖ ಬಾಣದ ‘ಇಜೆಕ್ಟ್’. ಅದನ್ನು ಒತ್ತಿ, ತೆಗೆಯಬಹುದು ಎಂಬ ಮಾತು ಬರುವವರೆಗೆ ಕಾಯಬೇಕು. ‘ಬಿಜಿ’ ಎಂದು ಬಂದರೆ ಯಾವುದೋ ಕಿಟಕಿಯಲ್ಲಿ ಅದರ ಫೈಲು ತೆರೆದಿದೆ. ಅದನ್ನು ಮುಚ್ಚಿ ಮತ್ತೆ ಒತ್ತಬೇಕು. ಹಿಂದೊಮ್ಮೆ ಎಳೆದು ಕಿತ್ತಿದ್ದರೆ ಕರ್ನಲ್ ಅದನ್ನೂ ಬರೆದಿರುತ್ತದೆ. ವಾಲ್ಯೂಮ್ ಸರಿಯಾಗಿ ಅನ್‌ಮೌಂಟ್ ಆಗಿಲ್ಲ (ಅಂದರೆ ಜೋಡಣೆ ಬಿಡಿಸಿಲ್ಲ), ಕೆಲವು ಮಾಹಿತಿ ಕೆಟ್ಟಿರಬಹುದು, ‘ಎಫ್‌ಎಸ್‌ಸಿಕೆ’ ಓಡಿಸಿ ಎಂಬ ಅರ್ಥದ ಸಾಲು ಅದು. ಆಗಲೂ ಮೊದಲು ಒಳಗಿನ ಫೈಲುಗಳನ್ನು ಕಂಪ್ಯೂಟರಿಗೆ ನಕಲು ಮಾಡಿಕೊಂಡು, ಆಮೇಲೆ ಪೆನ್ ಡ್ರೈವನ್ನು ಅನ್‌ಮೌಂಟ್ ಮಾಡಿ, ಡಿಸ್ಕ್ಸ್‌ನಲ್ಲಿ ‘ರಿಪೇರ್ ಫೈಲ್‌ಸಿಸ್ಟಮ್’ ಕೊಡಬೇಕು. ಈ ಸರದಿ ತಪ್ಪಬಾರದು, ಏಕೆಂದರೆ ರಿಪೇರಿಯೂ ಬರೆಯುವ ಕೆಲಸವೇ. ಅದು ಲೆಕ್ಕ ಹೊಂದದ ತುಣುಕುಗಳನ್ನು ಕತ್ತರಿಸಿ ಬೇರೆ ಹೆಸರಿನಲ್ಲಿ ಇಟ್ಟುಬಿಡುತ್ತದೆ.

ತೆರೆಯಿತು, ಆದರೆ ಫೈಲು ಹೋಗುತ್ತಿಲ್ಲ

ಕೊನೆಯ ಹಂತದ ತೊಂದರೆಗಳೇ ಹೆಚ್ಚು ಗೊಂದಲ ಹುಟ್ಟಿಸುತ್ತವೆ, ಏಕೆಂದರೆ ಉಳಿದೆಲ್ಲ ಸರಿಯಿರುತ್ತದೆ. ಒಂದು, ಗಾತ್ರ. ಫ್ಯಾಟ್32ರಲ್ಲಿ ಒಂದು ಫೈಲು 4 ಜಿಬಿ ಮುಟ್ಟುವಂತಿಲ್ಲ. ಸೆಕೆಂಡಿಗೆ 10 ಮೆಗಾಬಿಟ್ ದರದ ವಿಡಿಯೊ ಒಂದು ತಾಸಿಗೆ 4,500 ಎಂಬಿ ಆಗುತ್ತದೆ. ಹೀಗಾಗಿ ಮದುವೆ ವಿಡಿಯೊ ಪೆನ್ ಡ್ರೈವ್‌ನಲ್ಲಿ ಜಾಗವಿದ್ದರೂ ಹಿಡಿಸುವುದಿಲ್ಲ. ಎರಡು, ಅನುಮತಿ. ಇಎಕ್ಸ್‌ಟಿ4ಗೆ ಫಾರ್ಮ್ಯಾಟ್ ಮಾಡಿದ ಪೆನ್ ಡ್ರೈವ್ ಪ್ರತಿ ಫೈಲಿನ ಒಡೆಯ ಯಾರೆಂದು ನೆನಪಿಡುತ್ತದೆ. ಲ್ಯಾಬಿನ ಒಂದು ಯಂತ್ರದಲ್ಲಿ ಬರೆದದ್ದು ಇನ್ನೊಂದರಲ್ಲಿ ಬೇರೆ ಬಳಕೆದಾರರಿಗೆ ಮುಟ್ಟಲು ಬಿಡದೆ ಇರಬಹುದು, ವಿಂಡೋಸ್‌ನಲ್ಲಂತೂ ತೆರೆಯುವುದೇ ಇಲ್ಲ. ಮೂರು, ಹೆಸರಿನ ಚಿಹ್ನೆಗಳು. ಲಿನಕ್ಸ್‌ನಲ್ಲಿ ಫೈಲಿನ ಹೆಸರಿಗೆ ವಿವರಣೆ ಚುಕ್ಕೆ, ಪ್ರಶ್ನಾರ್ಥಕ, ಉದ್ಧರಣ ಚಿಹ್ನೆ ಎಲ್ಲ ನಡೆಯುತ್ತವೆ. ಫ್ಯಾಟ್, ಎಕ್ಸ್‌ಫ್ಯಾಟ್‌ಗಳಲ್ಲಿ ನಡೆಯುವುದಿಲ್ಲ.

ನಾಲ್ಕನೆಯದು ಕನ್ನಡದಲ್ಲಿ ಹೆಸರಿಡುವವರಿಗೇ ವಿಶೇಷವಾಗಿ ಎದುರಾಗುವ ತೊಂದರೆ. ‘2024-25ನೇ ಸಾಲಿನ ಜೇವರ್ಗಿ ತಾಲ್ಲೂಕು ಮಟ್ಟದ ಪ್ರತಿಭಾ ಕಾರಂಜಿ ಸ್ಪರ್ಧೆಗಳಲ್ಲಿ ಭಾಗವಹಿಸಿದ ವಿದ್ಯಾರ್ಥಿಗಳ ಪಟ್ಟಿ’ ಎಂಬ ಹೆಸರಿನ ಪಿಡಿಎಫ್ ಒಂದು ಪೆನ್ ಡ್ರೈವ್‌ನಲ್ಲಿದೆ ಎಂದುಕೊಳ್ಳಿ. ವ್ಯಂಜನ, ಸ್ವರಚಿಹ್ನೆ, ಅನುಸ್ವಾರ, ಹಲಂತ ಚಿಹ್ನೆಗಳನ್ನು ಬೇರೆ ಬೇರೆಯಾಗಿ ಎಣಿಸಿದರೆ ಅದರಲ್ಲಿ 79 ಕನ್ನಡ ಸಂಕೇತಗಳಿವೆ. ಅಂಕಿ, ಗೆರೆ, ಖಾಲಿ ಜಾಗ, ಕೊನೆಯ ಚುಕ್ಕೆ-ಪಿಡಿಎಫ್ ಸೇರಿ ಇನ್ನು 21, ಒಟ್ಟು 100. ಫ್ಯಾಟ್, ಎನ್‌ಟಿಎಫ್‌ಎಸ್‌ಗಳ ಮಿತಿ 255 ಸಂಕೇತಗಳು, ಆದ್ದರಿಂದ ಅಲ್ಲಿ ಸಲೀಸು. ಆದರೆ ಲಿನಕ್ಸ್ ಕಂಪ್ಯೂಟರಿನ ಒಳಗಿನ ಇಎಕ್ಸ್‌ಟಿ4 ಲೆಕ್ಕ ಹಾಕುವುದು ಬೈಟುಗಳಲ್ಲಿ, ಮಿತಿ 255 ಬೈಟು. ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದು ಕನ್ನಡ ಸಂಕೇತಕ್ಕೆ 3 ಬೈಟು ಬೇಕು. 79ಕ್ಕೆ 237, ಉಳಿದ 21 ಸೇರಿ 258. ಮೂರು ಬೈಟು ಹೆಚ್ಚಾಯಿತು, ಫೈಲು ಕಾಪಿ ಆಗಲಿಲ್ಲ. ‘ಫೈಲ್ ನೇಮ್ ಟೂ ಲಾಂಗ್’ ಎಂಬ ಮಾತು ಕಂಡು ಪೆನ್ ಡ್ರೈವ್‌ಗೆ ಏನೋ ಆಗಿದೆ ಎಂದುಕೊಳ್ಳುವ ಬದಲು ಹೆಸರಿನಿಂದ ಒಂದು ಪದ ತೆಗೆದರೆ ಸಾಕು. ಇದಕ್ಕೆ ಅಂಜಿ ಕನ್ನಡದಲ್ಲಿ ಹೆಸರಿಡುವುದನ್ನೇ ಬಿಡಬೇಕಿಲ್ಲ; ಹೆಸರು 80 ಸಂಕೇತಗಳೊಳಗೆ ಇದ್ದರೆ ಎಲ್ಲಿಯೂ ತೊಡಕಿಲ್ಲ.

ಇನ್ನು ವೈರಸ್ಸಿನ ಮಾತು. ಪೆನ್ ಡ್ರೈವ್‌ನಲ್ಲಿ ಫೋಲ್ಡರುಗಳೆಲ್ಲ ಮಾಯವಾಗಿ ಬರೀ ಶಾರ್ಟ್‌ಕಟ್‌ಗಳು ಉಳಿದಿವೆ ಎಂಬುದು ಹಲವು ಯಂತ್ರಗಳಿಗೆ ಚುಚ್ಚುವ ಪೆನ್ ಡ್ರೈವ್‌ಗಳ ಹಳೆಯ ಕಾಯಿಲೆ. ವಿಂಡೋಸ್‌ಗೆಂದು ಬರೆದ ಈ ವೈರಸ್ಸುಗಳು ಮೂಲ ಫೋಲ್ಡರುಗಳನ್ನು ಅಡಗಿಸುತ್ತವೆ, ಸಾಮಾನ್ಯವಾಗಿ ಅಳಿಸುವುದಿಲ್ಲ. ಕೆಲವು ಬಾರಿ ಖಾಲಿ ಜಾಗದಂತೆ ಕಾಣುವ ಅಕ್ಷರವನ್ನೇ ಹೆಸರಾಗಿಟ್ಟ ಫೋಲ್ಡರೊಳಗೆ ತುಂಬಿಡುತ್ತವೆ. ವಿಂಡೋಸ್‌ನ ‘ಹಿಡನ್’ ಗುರುತನ್ನು ಲಿನಕ್ಸ್ ಲೆಕ್ಕಕ್ಕೆ ತೆಗೆದುಕೊಳ್ಳದ ಕಾರಣ ಅಲ್ಲಿ ಎಲ್ಲವೂ ಕಣ್ಣಿಗೆ ಬೀಳುತ್ತವೆ, ವೈರಸ್ಸೂ ಓಡುವುದಿಲ್ಲ. ನಿಜವಾದ ಫೋಲ್ಡರುಗಳನ್ನು ನಕಲು ಮಾಡಿಕೊಂಡು, ಶಾರ್ಟ್‌ಕಟ್ ಮತ್ತು ಸ್ಕ್ರಿಪ್ಟ್ ಫೈಲುಗಳನ್ನು ಬಿಟ್ಟುಬಿಟ್ಟರೆ ಮಾಹಿತಿ ಉಳಿಯಿತು. ಇಂಥ ಪೆನ್ ಡ್ರೈವನ್ನು ಆಮೇಲೆ ಫಾರ್ಮ್ಯಾಟ್ ಮಾಡುವುದು ಸರಿಯೇ. ಮೊದಲೇ ಮಾಡಿದವರು ಇದ್ದ ಫೈಲುಗಳನ್ನು ಇಲ್ಲವೆಂದು ತಿಳಿದು ಕಳೆದುಕೊಂಡವರು.

ಎತ್ತಬಹುದಾದ ಆಕ್ಷೇಪಗಳು

‘ಅಂಗಡಿ ಮುಂದೆ ಐದಾರು ಜನ ನಿಂತಿರುವಾಗ ಇಷ್ಟೆಲ್ಲ ನೋಡಲು ಪುರಸೊತ್ತು ಎಲ್ಲಿ?’ ಎಂಬುದು ಮೊದಲ ಆಕ್ಷೇಪ. ಬರಹದಲ್ಲಿ ಉದ್ದ ಕಂಡರೂ ಕೆಲಸದಲ್ಲಿ ಇದು ಸಣ್ಣದು: ಪೋರ್ಟು ಬದಲಿಸಿ, ಡಿಸ್ಕ್ಸ್ ತೆರೆದು ಗಾತ್ರ ಮತ್ತು ವ್ಯವಸ್ಥೆಯ ಹೆಸರು ನೋಡಿ. ತೊಂದರೆ ಯಾವ ಹಂತದ್ದು ಎಂಬುದು ಈ ಎರಡರಲ್ಲೇ ಹೆಚ್ಚಾಗಿ ತಿಳಿದುಬಿಡುತ್ತದೆ. ಪುರಸೊತ್ತೇ ಇಲ್ಲದಿದ್ದರೆ ಪೆನ್ ಡ್ರೈವನ್ನು ಹಾಗೆಯೇ ಮರಳಿಸುವುದು ಫಾರ್ಮ್ಯಾಟ್‌ಗಿಂತ ಮೇಲು, ಏಕೆಂದರೆ ಮುಟ್ಟದೆ ಬಿಟ್ಟದ್ದನ್ನು ನಾಳೆಯೂ ನೋಡಬಹುದು.

‘ಈಗ ಎಲ್ಲ ವಾಟ್ಸಾಪು, ಡ್ರೈವು, ಪೆನ್ ಡ್ರೈವ್ ಯಾರಿಗೆ ಬೇಕು?’ ಎಂಬುದು ಎರಡನೆಯದು. ಸಣ್ಣ ಫೈಲುಗಳಿಗೆ ಈ ಮಾತು ನಿಜ, ಅಲ್ಲಿ ಪೆನ್ ಡ್ರೈವ್ ಬಿಡುವುದೇ ಒಳ್ಳೆಯದು. ಆದರೆ ವಾಟ್ಸಾಪಿನಲ್ಲಿ ಸಾಮಾನ್ಯವಾಗಿ ಕಳಿಸಿದ ಫೋಟೊ ಕುಗ್ಗುತ್ತದೆ, ಡಾಕ್ಯುಮೆಂಟಾಗಿ ಕಳಿಸಿದರೂ 2 ಜಿಬಿ ಮಿತಿ ಇದೆ. ಹತ್ತಾರು ಜಿಬಿಯ ವಿಡಿಯೊವನ್ನು ಮೊಬೈಲ್ ಡೇಟಾದ ಮೇಲೆ ಸಾಗಿಸುವುದು ಹಳ್ಳಿಯಲ್ಲಿ ಸುಲಭವಲ್ಲ. ಜನರ ಆಧಾರ್, ಪಹಣಿ, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿಗಳು ಅಂಗಡಿಯ ಮೊಬೈಲಿನಲ್ಲಿ ವರ್ಷಗಟ್ಟಲೆ ಉಳಿಯುವುದೂ ಸರಿಯಲ್ಲ.

‘ವಿಂಡೋಸ್ ಇಟ್ಟುಕೊಂಡಿದ್ದರೆ ಈ ತಾಪತ್ರಯವೇ ಇರಲಿಲ್ಲ’ ಎಂಬುದು ಮೂರನೆಯದು, ಗಟ್ಟಿಯಾದದ್ದು. ಎನ್‌ಟಿಎಫ್‌ಎಸ್ ರಿಪೇರಿಗೆ ವಿಂಡೋಸೇ ಮೇಲು ಎಂದು ಮೇಲೆ ಒಪ್ಪಿಯಾಗಿದೆ. ಆದರೆ ಪೋರ್ಟಿನ ದೂಳು, ಸತ್ತ ಚಿಪ್ಪು, 4 ಜಿಬಿ ಮಿತಿ ಯಾವ ವ್ಯವಸ್ಥೆಯಲ್ಲೂ ಇವೆ. ವಿಂಡೋಸ್‌ಗೆ ಅರ್ಥವಾಗದ ಇಎಕ್ಸ್‌ಟಿ4 ಪೆನ್ ಡ್ರೈವ್ ಚುಚ್ಚಿದರೆ ‘ಫಾರ್ಮ್ಯಾಟ್ ಮಾಡಿ, ಆಮೇಲೆ ಬಳಸಿ’ ಎಂದು ಅದು ಕೇಳುತ್ತದೆ. ಅಲ್ಲಿ ಹೌದು ಎಂದವರ ಮಾಹಿತಿಯೂ ಹೋಗುತ್ತದೆ. ಕ್ರಮವಾಗಿ ನೋಡುವ ಶಿಸ್ತು ಎರಡೂ ಕಡೆ ಬೇಕು. ಲಿನಕ್ಸ್ ಆ ಶಿಸ್ತಿಗೆ ಬೇಕಾದ ಸಾಕ್ಷ್ಯವನ್ನು ಬಿಚ್ಚಿ ತೋರಿಸುತ್ತದೆ.

ಮಾಹಿತಿ ಉಳಿಸುವ ಸರದಿ

ನಿಜವಾಗಿಯೂ ಕೆಟ್ಟಿದೆ ಎಂದು ಖಾತ್ರಿಯಾದಾಗ ಅನುಸರಿಸಬೇಕಾದ ಕ್ರಮ ಇದು. ಮೊದಲು ಪೆನ್ ಡ್ರೈವ್‌ಗೆ ಏನನ್ನೂ ಬರೆಯಬೇಡಿ. ಅದರಲ್ಲಿರುವುದು ಮುಖ್ಯವಾದರೆ ‘ಜಿಡಿಡಿರೆಸ್ಕ್ಯೂ’ ಪ್ಯಾಕೇಜು ಹಾಕಿ, ಡಿಡಿರೆಸ್ಕ್ಯೂ ಮೂಲಕ ಇಡೀ ಸಾಧನದ ಪಡಿಯಚ್ಚನ್ನು ಒಂದು ಫೈಲಾಗಿ ತೆಗೆದುಕೊಳ್ಳಿ. ಓದಲಾಗದ ಜಾಗಗಳನ್ನು ಅದು ಕೊನೆಗೆ ಬಿಟ್ಟು, ಓದಲು ಬರುವುದನ್ನು ಮೊದಲು ಎತ್ತುತ್ತದೆ. ಆ ಪಡಿಯಚ್ಚಿನ ಮೇಲೆ ‘ಟೆಸ್ಟ್‌ಡಿಸ್ಕ್’ ಓಡಿಸಿದರೆ ಕಳೆದ ವಿಭಾಗ ಸಿಗಬಹುದು. ಅದೂ ಆಗದಿದ್ದರೆ ‘ಫೋಟೊರೆಕ್’ ಹೆಸರುಗಳನ್ನು ಬಿಟ್ಟು ಫೋಟೊ, ವಿಡಿಯೊ, ಪಿಡಿಎಫ್‌ಗಳನ್ನು ಹೆಕ್ಕಿಕೊಡುತ್ತದೆ. ಎಲ್ಲವೂ ಉಚಿತ ತಂತ್ರಾಂಶಗಳು. ಈಗಾಗಲೇ ಫಾರ್ಮ್ಯಾಟ್ ಒತ್ತಿದವರಿಗೂ ಇದೇ ದಾರಿ. ಸಾಮಾನ್ಯ ತ್ವರಿತ ಫಾರ್ಮ್ಯಾಟ್ ಸೂಚಿಯನ್ನಷ್ಟೇ ಹೊಸದು ಮಾಡುತ್ತದೆ, ಒಳಗಿನ ಬರಹ ಬಹುತೇಕ ಉಳಿದಿರುತ್ತದೆ. ಮೇಲೆ ಹೊಸದನ್ನು ತುಂಬದಿದ್ದರೆ ಆಸೆ ಬಿಡಬೇಕಿಲ್ಲ. ಒಂದು ಎಚ್ಚರಿಕೆ: ಅಗ್ಗದ ಬೆಲೆಗೆ 1 ಅಥವಾ 2 ಟಿಬಿ ಎಂದು ಮಾರುವ ಪೆನ್ ಡ್ರೈವ್‌ಗಳಲ್ಲಿ ನಿಜವಾದ ಜಾಗ ಅದರ ಸಣ್ಣ ಭಾಗವಷ್ಟೇ ಇರುವುದುಂಟು. ಜಾಗ ಮುಗಿದ ಮೇಲೂ ಅವು ಬರೆದಂತೆ ನಟಿಸುತ್ತವೆ. ಆ ಫೈಲುಗಳನ್ನು ಯಾವ ತಂತ್ರಾಂಶವೂ ಮರಳಿಸಲಾರದು. ಹೊಸದನ್ನು ತಂದಾಗ ‘ಎಫ್3’ ಎಂಬ ಉಪಕರಣದಿಂದ ಪೂರ್ತಿ ಬರೆದು ಓದಿ ಪರೀಕ್ಷಿಸುವುದು ಕ್ಷೇಮ.

ಫಾರ್ಮ್ಯಾಟ್ ಮಾಡಲೇಬೇಕಾದಾಗ ಬಳಕೆ ನೋಡಿ ಆಯ್ಕೆ ಮಾಡಬೇಕು. ಟ್ರ್ಯಾಕ್ಟರಿನ ಪ್ಲೇಯರು, ಹಳೆಯ ಟಿವಿ, ಪ್ರಿಂಟರುಗಳಿಗೆ ಹೋಗುವುದಾದರೆ ಫ್ಯಾಟ್32. ವಿಂಡೋಸ್ ಮತ್ತು ಲಿನಕ್ಸ್ ನಡುವೆ ದೊಡ್ಡ ವಿಡಿಯೊ ಸಾಗಿಸಲು ಎಕ್ಸ್‌ಫ್ಯಾಟ್. ವಿಂಡೋಸ್‌ನೊಂದಿಗೆ ಹಂಚಿಕೊಳ್ಳುವ, ಮೇಜಿನ ಮೇಲೇ ಇರುವ ಹಾರ್ಡ್ ಡಿಸ್ಕಿಗೆ ಎನ್‌ಟಿಎಫ್‌ಎಸ್. ಲಿನಕ್ಸ್ ಯಂತ್ರವನ್ನು ಬಿಟ್ಟು ಎಲ್ಲೂ ಹೋಗದ ಬ್ಯಾಕಪ್ ಡಿಸ್ಕಿಗೆ ಇಎಕ್ಸ್‌ಟಿ4. ಯಾವುದೇ ಆದರೂ ಪೆನ್ ಡ್ರೈವ್ ಸಾಗಣೆಯ ಸಾಧನ, ಕಾಯಂ ಕಪಾಟಲ್ಲ. ಅದರಲ್ಲಿ ಇರುವುದರ ಇನ್ನೊಂದು ಪ್ರತಿ ಬೇರೆಡೆ ಇರಲೇಬೇಕು.

ಈ ತಿಳಿವಳಿಕೆ ಒಬ್ಬೊಬ್ಬರ ತಲೆಯಲ್ಲಿ ಉಳಿದರೆ ಸಾಲದು. ಕೇರಳದ ಶಾಲೆಗಳ ಐಟಿ ಪಾಠ ಸ್ವತಂತ್ರ ತಂತ್ರಾಂಶದ ಮೇಲೆಯೇ ನಡೆಯುತ್ತದೆ, ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ. ಅಲ್ಲಿನ ‘ಕೈಟ್’ ಸಂಸ್ಥೆ 2018ರಲ್ಲಿ ಪ್ರೌಢಶಾಲೆಗಳಲ್ಲಿ ಆರಂಭಿಸಿದ ‘ಲಿಟಲ್ ಕೈಟ್ಸ್’ ವಿದ್ಯಾರ್ಥಿ ಕೂಟಗಳಿಗೆ ಯಂತ್ರಾಂಶದ ಸಣ್ಣಪುಟ್ಟ ನಿರ್ವಹಣೆಯೂ ತರಬೇತಿಯ ಭಾಗ. ನಮ್ಮಲ್ಲಿ ಇದಕ್ಕೆ ಬೇಕಾದ ಜನ ಇಲ್ಲದಿಲ್ಲ. ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇರುವುದೇ ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ. ಅಲ್ಲಿನ ವಿದ್ಯಾರ್ಥಿಗಳು, ತಾಲ್ಲೂಕಿನ ಐಟಿಐ ಮತ್ತು ಪದವಿ ಕಾಲೇಜುಗಳವರು ತಿಂಗಳಿಗೊಮ್ಮೆ ಒಂದು ಶಾಲೆಯ ಲ್ಯಾಬಿನಲ್ಲಿ ಕೂತು, ತೆರೆಯದ ಪೆನ್ ಡ್ರೈವ್‌ಗಳನ್ನು ಹತ್ತನೇ ತರಗತಿಯ ಮಕ್ಕಳ ಎದುರೇ ಪರೀಕ್ಷಿಸಿ ತೋರಿಸಿದರೆ, ವರ್ಷದೊಳಗೆ ಪ್ರತಿ ಶಾಲೆಯಲ್ಲೂ ಈ ಕೆಲಸ ಬಲ್ಲ ಮಕ್ಕಳು ತಯಾರಾಗುತ್ತಾರೆ. ಅಲ್ಲಿಯವರೆಗೆ ಪ್ರತಿ ಲ್ಯಾಬಿನವರು, ಅಂಗಡಿಯವರು ಮಾಡಬಹುದಾದದ್ದು ಒಂದಿದೆ: ಕಂಪ್ಯೂಟರಿನ ಪಕ್ಕದ ಗೋಡೆಗೆ ಐದು ಸಾಲಿನ ಹಾಳೆಯೊಂದನ್ನು ಅಂಟಿಸುವುದು. ಪೋರ್ಟು ಬದಲಿಸಿ. ಡಿಸ್ಕ್ಸ್‌ನಲ್ಲಿ ನೋಡಿ. ಕರ್ನಲ್ ಏನೆನ್ನುತ್ತದೆ ಓದಿ. ಮೊದಲು ನಕಲು, ಆಮೇಲೆ ರಿಪೇರಿ. ಪೆನ್ ಡ್ರೈವ್‌ನ ಒಡೆಯರನ್ನು ಕೇಳದೆ ಫಾರ್ಮ್ಯಾಟ್ ಮಾಡಬೇಡಿ.